ಜುಟ್ಟು ಕಾಯ್ದ ಸೈಕಲ್ ಬೆಲ್ಲು

ಬೆಸುಗೆಯ ಕಿಡಿಗೆ ಬಲಹುಬ್ಬು ಸುಟ್ಟುಹೋಗಿ, ಉಳಿದ ಎಡಹುಬ್ಬು ಸದಾ ಮೇಲೆದ್ದೇ ಇರುತ್ತಿದ್ದುದರಿಂದ, ಹೊನ್ನವಳ್ಳಿಯ ನಮ್ಮ ಬೀದಿಯ ಸೈಕಲ್ ಅಂಗಡಿಯವರು ಎದುರಿಗಿದ್ದವರನ್ನು ಏನೋ ಕೇಳುತ್ತಿರುವಂತೆಯೇ ಕಾಣುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ತಲೆಕೆಳಗು ಮಾಡಿ ನೋಡುವುದು ಅವರ ಅಭ್ಯಾಸ. ನಾನು ಪೂಜೆ ಮಾಡುವ ಈಶ್ವರನ ಗುಡಿಯಲ್ಲಿ ಪ್ರಸಾದ ತಿಂದು, ದೊನ್ನೆಯನ್ನೂ ಮಗುಚಿ, ಕಡ್ಡಿ ಚುಚ್ಚಿದ ಬಗೆಯನ್ನು ಪರೀಕ್ಷಿಸುತ್ತಿದ್ದರು. "ನನ್ನೊಬ್ಬಳ್ನೇ ಇನ್ನೂ ಮಗುಚಿ ನೋಡಿಲ್ಲ ಕಣ್ರೀ ಸ್ವಾಮಿ" ಎಂದು ಅವರ ಹೆಂಡತಿ ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಊರಿನಲ್ಲಿ ಬೈಕುಗಳು ಹೆಚ್ಚಿ ಅಂಗಡಿ ಸೊರಗಿತು. ಸಂಸಾರ ನಡೆದದ್ದು ಆಕೆಯ ದುಡಿಮೆಯಿಂದ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ತೆಂಗಿನಕಾಯಿ ಚುಚ್ಚಿ ಸುಲಿದು, ಗುಡಿಗಳ ಮುಂದಿನ ಪೂಜೆಯ ಅಂಗಡಿಗಳಿಗೆ ಕೊಡುತ್ತಿದ್ದರು. ಒಂದು ಮಾಗಿಯಲ್ಲಿ ಮಣಿಕಟ್ಟು ಊದಿ, ಲೋಟ ಎತ್ತುವುದೂ ಆಕೆಗೆ ಕಷ್ಟವಾಯಿತು. ಆಗ ಇವರು ಹಳೆಯ ಸೈಕಲ್ಲಿನ ಫೋರ್ಕು, ಪೆಡಲುಗಳನ್ನು ಕೂಡಿಸಿ, ಕುಳಿತು ಕಾಲಿನಿಂದ ತುಳಿದೇ ಸುಲಿಯಬಹುದಾದ ಯಂತ್ರವೊಂದನ್ನು ಕಟ್ಟಿದರು.

ಅದರಲ್ಲಿ ಸುಲಿದ ಮೊದಲ ಕಾಯನ್ನು ಗಂಡಹೆಂಡಿರು ಪೂಜೆಗೆ ತಂದರು. ಒಂದು ನಾರೂ ಇಲ್ಲದೆ ಹೊಳೆಯುತ್ತಿತ್ತು. ಕೊಬ್ಬರಿಯ ಕಾಯನ್ನು ಹಾಗೆ ಬೋಳು ಸುಲಿಯುವುದು ನಮ್ಮ ಸೀಮೆಯ ರೂಢಿ. ಆ ರೂಢಿಯೇ ಯಂತ್ರಕ್ಕೂ ಬಂದುಬಿಟ್ಟಿತ್ತು. ಜುಟ್ಟಿಲ್ಲದ ಕಾಯಿ ದೇವರಿಗೆ ಸಲ್ಲದು. ಗರ್ಭಗುಡಿಯ ಹೊಸ್ತಿಲಲ್ಲಿ ನಾನು ಕೈ ಚಾಚದೆ ನಿಂತೆ. ಗುಡಿಗೆ ಸಲ್ಲದ್ದನ್ನು ಪೂಜೆಯ ಅಂಗಡಿಗಳೂ ಕೊಳ್ಳವೆಂದು ಮೂವರಿಗೂ ತಿಳಿದಿತ್ತು. ಆಕೆ ಊದಿದ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡರು.

ಅವರು ಮಾತ್ರ ಕಾಯನ್ನು ತಲೆಕೆಳಗು ಮಾಡಿದರು. "ಜುಟ್ಟು ಯಾಕ್ ಬಿಡ್ತೀವಿ ಸ್ವಾಮಿ?"

ಕಾಯಿಯ ಮೂರು ಕಣ್ಣುಗಳ ಮರೆಗೆ. ಒಡೆದ ಮೇಲೆ ಜುಟ್ಟು ತೆಗೆದು, ಆ ಕಣ್ಣುಗಳು ಶಿವನ ಮುಂದೆ ತೆರೆದ ಬಳಿಕವೇ ನಿವೇದನೆ, ಎಂದು ತಂದೆಯವರಿಂದ ಕೇಳಿದ್ದನ್ನು ಹೇಳಿದೆ.

"ಅಂದ್ರೆ ರೆಪ್ಪೆ ಅನ್ನಿ. ಬುಡಿ, ಅದುಕ್ಕೊಂದು ಮುಚ್ಚಳ ಮಾಡಾನ."

ಮುಚ್ಚಳವಾದದ್ದು ಸೈಕಲ್ ಬೆಲ್ಲಿನ ಬಟ್ಟಲು. ಕಾಯಿಯ ತೊಟ್ಟಿನ ಕಡೆಗೆ ಅದನ್ನು ಕವುಚಿದರೆ, ಸಿಪ್ಪೆ ಸೀಳುತ್ತ ಬಂದ ಕಬ್ಬಿಣದ ಹಲ್ಲು ಅದಕ್ಕೆ ತಗುಲಿ, ಟಣ್ ಎಂದು ನಿಲ್ಲುತ್ತಿತ್ತು. ಒಳಗೆ ಜುಟ್ಟು ಉಳಿಯುತ್ತಿತ್ತು. ಆಕೆ ಹಾಗೆ ಸುಲಿದು ತಂದ ಕಾಯನ್ನು ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ದಬ್ಬೇಘಟ್ಟದಿಂದ ನೋಡಲು ಬಂದವರು ತೆಂಗಿನಕಾಯಿಗೆ ಯಾಕೆ ಬೆಲ್ಲು ಎಂದು ನಕ್ಕರೆ, "ಇನ್ನು ಸಾಕು ಅಂತ ಅದೇ ಹೇಳ್ತದೆ ಕಣಪ್ಪ" ಎನ್ನುತ್ತಿದ್ದರು ಅಂಗಡಿಯವರು.

ಅವರು ಶಿವನ ಪಾದ ಸೇರಿದ ಮೇಲೆ, ಗುಡಿಯ ಗೋಡೆಗೆ ಹೊಂದಿಕೊಂಡಿದ್ದ ಅಂಗಡಿಯಲ್ಲಿ ಕೆಲವು ಕಾಲ ಆ ಯಂತ್ರ ನಿಂತೇ ಇತ್ತು. ಒಂದು ಸೋಮವಾರ, ಅಭಿಷೇಕ ಮುಗಿಸಿ ನಾನು ಕೈಗಂಟೆಗೆ ಕೈ ಚಾಚಿದಾಗ, ಗೋಡೆಯಾಚೆಯಿಂದ ಟಣ್ ಎಂದಿತು. ಆಕೆ ಮತ್ತೆ ಕೆಲಸಕ್ಕೆ ಕುಳಿತಿದ್ದರು. ತಂದೆಯವರ ಕಾಲದಿಂದ ಬಂದ ಆ ಗಂಟೆಯನ್ನು ನಾನು ಅಂದು ಮೊದಲ ಬಾರಿಗೆ ತಲೆಕೆಳಗು ಮಾಡಿ, ಸವೆದು ನುಣುಪಾದ ಅದರ ನಾಲಗೆಯನ್ನು ನೋಡಿದೆ. ಆಮೇಲೆ ಬಾರಿಸಿದೆ.