ಗರುಡನಿಗೆ ಎಸೆಯುವ ಕೊಬ್ಬು

ಹಕ್ಕಿಗಳಿಗೆ ಕಾಳು ಹಾಕಿ, ಅದರ ಫೋಟೊ ತೆಗೆದು, ಕೆಳಗೆ ಶಾಂತಿ, ಪ್ರೀತಿ ಅಂತೆಲ್ಲ ಬರೆದು ಫೋನಿಗೆ ಕಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಿಗೆ ಬರಬೇಕು. ಅರ್ಧ ಗಂಟೆ ನಿಂತರೆ ಸಾಕು, ಶಾಂತಿಯ ಮಾತು ಮತ್ತೆ ಬಾಯಿಗೆ ಬರುವುದಿಲ್ಲ.

ನಮ್ಮ ಮನೆ ಚಿಕ್ಕನಾಯಕನಹಳ್ಳಿಯ ಅಂಚಿನಲ್ಲಿದೆ. ಅಪ್ಪನದು ಮಾಂಸದಂಗಡಿ. ರಸ್ತೆ ಕಡೆಗೆ ಅಂಗಡಿ, ಹಿಂದೆ ಹಿತ್ತಲು, ಹಿತ್ತಲಲ್ಲೊಂದು ಬೇವಿನ ಮರ, ಅದರಾಚೆ ಬೇರೆಯವರ ತೆಂಗಿನ ತೋಟ. ಬೆಳಕು ಹರಿಯುವ ಹೊತ್ತಿಗೆ ಅಪ್ಪ ಹಸಿ ತೆಂಗಿನ ಗರಿ ಹಾಸಿ ಅದರ ಮೇಲೆ ಕುರಿಯನ್ನು ಕೆಡವಿಕೊಳ್ಳುತ್ತಿದ್ದ. ಕತ್ತಿಯ ಒಂದೇ ಎಳೆತ. ರಕ್ತ ಗರಿಯ ಸಂದಿಗಳಲ್ಲಿ ಇಳಿದು ಮಣ್ಣು ಸೇರುತ್ತಿತ್ತು. ಕಾಲು ಒದೆಯುವುದು ನಿಂತ ಮೇಲೆ ಬೇವಿನ ಕೊಂಬೆಯ ಕೊಕ್ಕೆಗೆ ತೂಗುಹಾಕಿ ಚರ್ಮ ಬಿಡಿಸುತ್ತಿದ್ದ. ನಾನು ಹಲ್ಲುಜ್ಜುತ್ತಾ ಇದನ್ನೆಲ್ಲ ನೋಡಿಕೊಂಡೇ ಬೆಳೆದವಳು.

ಹಿಂದೆಲ್ಲ ಗಿರಾಕಿಗಳು ಕೊಬ್ಬು ಇನ್ನಷ್ಟು ಹಾಕು ಅಂತ ಜಗಳ ತೆಗೆಯುತ್ತಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಊರಿಗೆಲ್ಲ ಬಿಪಿ ಬಂದಿತ್ತು. "ಕೊಬ್ಬು ತೆಗೆದಾಕಪ್ಪ, ಡಾಕ್ಟ್ರು ಬೈತಾರೆ" ಎನ್ನುತ್ತಿದ್ದರು. ಕುರಿಯ ಮೂತ್ರಪಿಂಡದ ಸುತ್ತ ಗಟ್ಟಿಯಾಗಿ, ಬೆಳ್ಳಗೆ ಕೂತಿರುತ್ತದಲ್ಲ, ಆ ಕೊಬ್ಬು ರಾಶಿ ರಾಶಿ ಉಳಿಯುತ್ತಿತ್ತು. ಅಮ್ಮ ಅದನ್ನು ಕರಗಿಸಿ, ರಾಗಿಹಿಟ್ಟು ಕಲೆಸಿ, ತೆಂಗಿನ ಕರಟಗಳಿಗೆ ಹುಯ್ದು, ಗಟ್ಟಿಯಾದ ಮೇಲೆ ಬೇವಿನ ಮರಕ್ಕೆ ತಂತಿಯಲ್ಲಿ ಕಟ್ಟುತ್ತಿದ್ದಳು. ಚಳಿಗಾಲದಲ್ಲಿ ಮಾತ್ರ ಈ ಕೆಲಸ. ಬಿಸಿಲು ಏರಿದರೆ ಕೊಬ್ಬು ಕರಗಿ ಕೆಳಗೆ ಹಾದುಹೋದವರ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಕರಟಗಳಿಗೆ ಬರುವ ಹಕ್ಕಿಗಳ ಗುಣ ಹೇಳುತ್ತೇನೆ. ಒಂದು ಮೈನಾ ಇನ್ನೊಂದು ಮೈನಾವನ್ನು ಮಣ್ಣಿಗೆ ಒತ್ತಿ ಹಿಡಿದು ಮುಖದ ಮೇಲೇ ಕುಕ್ಕುವುದನ್ನು ನೋಡಿದ್ದೇನೆ. ಉದ್ದ ಬಾಲದ ಮಟಪಕ್ಷಿ ಹೊಟ್ಟೆ ತುಂಬ ಕೊಬ್ಬು ತಿಂದು, ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡು, ದಾಸವಾಳದ ಗಿಡದಲ್ಲಿದ್ದ ಪಿಕಳಾರದ ಮರಿಯನ್ನು ಎತ್ತಿಕೊಂಡು ಬಂದು ನಮ್ಮೆದುರೇ ಹರಿದು ತಿಂದಿತು. ತಾಯಿ ಹಕ್ಕಿ ಸುತ್ತ ಹಾರುತ್ತಾ ಅರಚಿಕೊಳ್ಳುತ್ತಿತ್ತು. ಅಮ್ಮ ಬಾಯಿಗೆ ಬಂದಂತೆ ಬೈದಳು, ಕಲ್ಲು ಬೀರಿದಳು. ಮಾರನೆಯ ವಾರ ಅದೇ ಮಟಪಕ್ಷಿಗೆ ಮತ್ತೆ ಕರಟ ಕಟ್ಟಿದಳು.

ಗರುಡಗಳದು ಬೇರೆಯೇ ಗತ್ತು. ಕರಟದ ಹತ್ತಿರ ಅವು ಸುಳಿಯುತ್ತಿರಲಿಲ್ಲ. ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಮೇಲೆ ಸುತ್ತು ಹಾಕುತ್ತಾ ಕಾಯುತ್ತಿದ್ದವು. ಅಪ್ಪ ಕೊಬ್ಬಿನ ತುಂಡನ್ನು ಮೇಲಕ್ಕೆ ಎಸೆದರೆ ಗಾಳಿಯಲ್ಲೇ ಹಿಡಿದುಕೊಂಡು ಹೋಗುತ್ತಿದ್ದವು. ಅವು ಬೋರನಕಣಿವೆ ಜಲಾಶಯದ ಕಡೆಯಿಂದ ಬರುತ್ತವೆ ಎಂದು ಅಪ್ಪ ಹೇಳುತ್ತಿದ್ದ. ಒಂದರ ಕಾಲಿಗೆ ಮೀನುಬಲೆಯ ನೀಲಿ ದಾರ ಸುತ್ತಿಕೊಂಡಿತ್ತು, ಹಾಗಾಗಿ ನಾನೂ ನಂಬಿದ್ದೆ.

ಅಪ್ಪ ನನಗೆ ಹಾಕಿದ್ದ ಕಟ್ಟಪ್ಪಣೆ ಎರಡೇ. ಮೊದಲನೆಯದು ಗರುಡನ ವಿಷಯ. "ಎಸೀಬೇಕು ಕಣೇ, ಕೈಲಿ ಹಿಡ್ಕಂಡು ಕೊಡಬಾರ್ದು. ಕೊಬ್ಬು ಯಾವ್ದು, ಕೈ ಯಾವ್ದು ಅಂತ ಅದು ನೋಡಕ್ಕೆ ಹೋಗಲ್ಲ." ಎರಡನೆಯದು ಕತ್ತಿಯ ವಿಷಯ. ಸಿಟ್ಟಿದ್ದಾಗ ಕತ್ತಿ ಮುಟ್ಟಬಾರದು. ಅಮ್ಮನ ಜೊತೆ ಜಗಳವಾದ ದಿನ ಅಪ್ಪ ಮುಖ ತೊಳೆದು, ಬೀಡಿ ಸೇದಿ, ತಣ್ಣಗಾಗುವವರೆಗೆ ಕುರಿಯ ಹತ್ತಿರ ಹೋಗುತ್ತಿರಲಿಲ್ಲ. ಗಿರಾಕಿಗಳು ಕಾದು ಬೈದು ಹೋದರೂ ಸರಿಯೇ.

ಏಳನೇ ಕ್ಲಾಸಿನ ಚಳಿಗಾಲದಲ್ಲಿ ನಾನು ಮೊದಲನೆಯದನ್ನು ಮುರಿದೆ. ಎಸೆದದ್ದನ್ನು ಎಲ್ಲರ ಗರುಡವೂ ಹಿಡಿಯುತ್ತದೆ, ನನ್ನದು ನನ್ನ ಕೈಯಿಂದಲೇ ತಿನ್ನಬೇಕು ಅನ್ನಿಸಿತು. ಕೊಬ್ಬನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ನೀಲಿ ದಾರದ್ದೇ ಇಳಿಯಿತು. ಉಗುರು ಕೊಬ್ಬಿನ ಜೊತೆ ನನ್ನ ಬೆರಳಿಗೂ ನಾಟಿತು. ಆಗಲಾದರೂ ಬಿಟ್ಟುಬಿಡಬೇಕಿತ್ತು. ನನಗೆ ಸಿಟ್ಟು ಬಂತು. ಕೊಡಲಿಕ್ಕೆಂದೇ ನಿಂತವಳ ಕೈಯಿಂದ ಕಿತ್ತುಕೊಳ್ಳುತ್ತೀಯಾ ಎಂದು ನಾನೂ ಎಳೆದೆ. ರೆಕ್ಕೆ ಮುಖಕ್ಕೆ ಬಡಿಯಿತು, ಇನ್ನೊಂದು ಕಾಲು ಹುಬ್ಬಿನಿಂದ ರೆಪ್ಪೆಯವರೆಗೆ ಸೀಳಿಕೊಂಡು ಹೋಯಿತು. ಎಡಗಡೆಯೆಲ್ಲ ಬಿಸಿ ರಕ್ತ, ಏನೂ ಕಾಣಿಸುತ್ತಿರಲಿಲ್ಲ.

ಅಂಗಡಿಯ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಆಟೋದಲ್ಲಿ ತಿಪಟೂರಿಗೆ ಹೋದೆವು. ಟವೆಲ್ಲಿನಲ್ಲಿದ್ದ ಕುರಿಯ ವಾಸನೆ ಇನ್ನೂ ನೆನಪಿದೆ. ಡಾಕ್ಟರು ಹೊಲಿಗೆ ಹಾಕಿ, ಕಣ್ಣಿಗೆ ಪಟ್ಟಿ ಕಟ್ಟಿ, "ಗುಡ್ಡೆಗೂ ಗೀರು ಬಿದ್ದಿದೆ. ಕಣ್ಣು ಉಳಿದಿದೆಯೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೇ ಗೊತ್ತಾಗೋದು" ಎಂದರು. ಅಮ್ಮ ಅಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಪ್ಪ ಮಾಂಸ ಕಡಿಯುವ ಮರದ ಕೊರಡನ್ನು ಹಿತ್ತಲ ನಡುವೆ ಉರುಳಿಸಿ ತಂದ. ಅದರ ಮೇಲೆ ಕೊಬ್ಬಿನ ಗಡ್ಡೆಯನ್ನು ತಂತಿಯಿಂದ ಬಿಗಿದು, ಕಂಬಳಿ ಹಿಡಿದು ಬೇವಿನ ಮರದ ಹಿಂದೆ ಕೂತ. ಅಂಗಡಿ ತೆಗೆಯಲಿಲ್ಲ. ಬಿಸಿಲು ಏರುವ ಹೊತ್ತಿಗೆ ಗರುಡ ಇಳಿದು, ಉಗುರು ತಂತಿಗೆ ಸಿಕ್ಕಿ ಒದ್ದಾಡಿತು. ಅಪ್ಪ ಕಂಬಳಿ ಬೀರಿ ಅದರ ಮೇಲೆ ಬಿದ್ದ. ನಾನು ಓಡಿ ಬಂದೆ. ಕೂಗಾಟ ಕೇಳಿ ಎದುರು ಮನೆಯ ಅಜ್ಜಿಯೂ ಬಂದಳು.

"ಗರುಡ ಕಣಪ್ಪ ಅದು! ಕೈ ಮುಗಿದು ಬುಟ್ಬುಡು. ಸ್ವಾಮಿ ನಿನ್ ಮಗಳನ್ನ ಮುಟ್ಟಿ ಹೋಗವ್ನೆ ಅನ್ಕೋ, ಪುಣ್ಯ" ಎಂದಳು ಅಜ್ಜಿ.

"ನಿನ್ ಮೊಮ್ಮಗಳ ಕಣ್ಣು ಮುಟ್ಟಿದ್ರೆ ಪುಣ್ಯ ಅಂತಿದ್ಯೇನಜ್ಜಿ?" ಎಂದ ಅಪ್ಪ. ಅದರ ಒದ್ದಾಟಕ್ಕೆ ಎಡಗೈ ಸಾಲದೆ, ಬಲಗೈಲೇ ಕಂಬಳಿಯ ಸಮೇತ ಅದರ ಕುತ್ತಿಗೆಯನ್ನು ಕೊರಡಿಗೆ ಒತ್ತಿ ಹಿಡಿದಿದ್ದ. ಎಡಗೈಲಿ ಕತ್ತಿ. ತಲೆಯಷ್ಟೇ ಹೊರಗಿತ್ತು, ಬಾಯಿ ಕಳೆದು ಏದುಸಿರು ಬಿಡುತ್ತಿತ್ತು. ಅಪ್ಪ ನನ್ನ ಕಡೆ ತಿರುಗಿ ಕೇಳಿದ. "ಇದೇನಾ?"

ಕಂಬಳಿಯ ಕೆಳಗಿಂದ ನೀಲಿ ದಾರದ ತುದಿ ಕಾಣುತ್ತಿತ್ತು.

"ಇದೇ. ಕುಯ್ಯಪ್ಪ" ಎಂದೆ.

ಅಪ್ಪ ಕತ್ತಿ ಎತ್ತಿದವನು ಹಾಗೇ ನಿಂತ. ಆಮೇಲೆ ಕತ್ತಿಯನ್ನು ಕೊರಡಿನ ಅಂಚಿಗೆ ಇಟ್ಟುಬಿಟ್ಟ. "ಸಿಟ್ಟಾಗಿದೀನಿ ಕಣೇ. ನನ್ ಕೈಲಾಗಲ್ಲ" ಎಂದ.

ನನಗೆ ಆದ ಅವಮಾನವನ್ನು ಹೇಗೆ ಹೇಳಲಿ. ದಿನವೂ ಕುರಿ ಕುಯ್ಯುವವನಿಗೆ ನನ್ನ ಕಣ್ಣಿಗಾಗಿ ಒಂದು ಹಕ್ಕಿ ಕುಯ್ಯಲು ಆಗುವುದಿಲ್ಲವೇ? ಕತ್ತಿಯನ್ನು ಎರಡು ಕೈಲೂ ಎತ್ತಿಕೊಂಡು ಬಿಳಿ ಕುತ್ತಿಗೆಗೆ ಗುರಿಯಿಟ್ಟು ಇಳಿಸಿದೆ. ಒಂದೇ ಕಣ್ಣಲ್ಲಿ ನೋಡುವವರಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಹಿಂದಿನ ರಾತ್ರಿ ನೀರಿನ ಲೋಟಕ್ಕೆ ಕೈ ಚಾಚಿ ಬರಿಗಾಳಿ ಹಿಡಿದಿದ್ದೆ, ಆದರೂ ಅದು ಆಗ ತಲೆಗೆ ಹೊಳೆಯಲಿಲ್ಲ. ಕತ್ತಿ ಗರುಡನನ್ನು ಬಿಟ್ಟು ಅಪ್ಪನ ಹೆಬ್ಬೆರಳ ಬುಡಕ್ಕೆ ಬಿತ್ತು.

ಅಪ್ಪನ ಹಿಡಿತ ತಾನಾಗಿ ಬಿಟ್ಟುಹೋಯಿತು. ಗರುಡ ಕಂಬಳಿಯನ್ನು ಒದ್ದುಕೊಂಡು, ಉಗುರು ಬಿಡಿಸಿಕೊಂಡು, ನಮ್ಮ ತಲೆಯ ಮೇಲೆ ರೆಕ್ಕೆ ಬಡಿದು ತೋಟದ ಕಡೆ ಹೋಯಿತು. ಅಜ್ಜಿ ಅದಕ್ಕೆ ಕೈ ಮುಗಿದಳು. ಆಮೇಲೆ ಕೊರಡಿನ ಮೇಲೆ ನೋಡಿ ಕಿರುಚಿಕೊಂಡಳು.

ಮತ್ತೆ ಅದೇ ಆಟೋ, ಅದೇ ರಸ್ತೆ. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ಗಾಡಿ ಜೋರು ಮಾಡಿದ. ದಾರಿಯುದ್ದಕ್ಕೂ ಅಪ್ಪ ನನಗೊಂದು ಏಟು ಹಾಕಲಿ ಎಂದು ಕಾದೆ. ಅವನು ಮಾತ್ರ ಟವೆಲ್ ಸುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಪಟ್ಟಿ ಕಟ್ಟಿದ ಕಣ್ಣಿಗೆ ಗಾಳಿ ಬಡಿಯದಂತೆ ಇನ್ನೊಂದು ಕೈಯನ್ನು ನನ್ನ ಮುಖಕ್ಕೆ ಅಡ್ಡ ಹಿಡಿದಿದ್ದ.

ಪಟ್ಟಿ ಬಿಚ್ಚಿದ ದಿನ ಆ ಕಣ್ಣಿಗೆ ಮೊದಲು ಕಂಡದ್ದು ಅಪ್ಪನ ಕೈಯ ಪಟ್ಟಿ. ನನ್ನ ಕಣ್ಣು ಉಳಿದಿತ್ತು. ಹೆಬ್ಬೆರಳಿನ ನರ ಕೂಡಲಿಲ್ಲ. ಆ ಬೆರಳು ಇವತ್ತಿಗೂ ಮಡಚುವುದಿಲ್ಲ, ಕತ್ತಿ ಹಿಡಿದರೆ ಜಾರುತ್ತದೆ. ಎಡಗೈಲಿ ಕಡಿಯುವುದು ಅವನಿಗೆ ಕಡೆಗೂ ಬರಲಿಲ್ಲ.

ಅಪ್ಪನ ಬದಲು ಕೂಲಿಗೆ ಬಂದವನೊಬ್ಬ ಕುರಿಯ ಕತ್ತನ್ನು ಗರಗಸ ಎಳೆದಂತೆ ಎಳೆಯುತ್ತಿದ್ದ. ಕುರಿ ಅರಚುವುದು ರಸ್ತೆಯವರೆಗೆ ಕೇಳುತ್ತಿತ್ತು. ಅಪ್ಪ ಆಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅದನ್ನು ನೋಡಲಾರದೆ, ಪಿಯುಸಿ ಮುಗಿದ ಮೇಲೆ ಆ ಕೂಲಿಯವನನ್ನು ಓಡಿಸಿ ನಾನೇ ಕುಯ್ಯತೊಡಗಿದೆ. ಹೆಣ್ಣು ಕತ್ತಿ ಹಿಡಿದಿದ್ದಾಳೆ ಎಂದು ಆಡಿಕೊಂಡವರೂ ಈಗ ನಮ್ಮಲ್ಲೇ ಮಾಂಸ ಕೊಳ್ಳುತ್ತಾರೆ.

ಅಮ್ಮ ಈಗಲೂ ಕರಟ ಕಟ್ಟುತ್ತಾಳೆ. ಅಪ್ಪ ಎಡಗೈಲಿ ಗರುಡಗಳಿಗೆ ಕೊಬ್ಬು ಎಸೆಯುತ್ತಾನೆ. ಅದು ಹೆಚ್ಚು ಮೇಲಕ್ಕೆ ಹೋಗುವುದಿಲ್ಲ, ಅವೇ ತಗ್ಗಿಗೆ ಬರಬೇಕು. ನೀಲಿ ದಾರದ್ದು ಮತ್ತೆ ಬಂದಿದ್ದನ್ನು ನಾನು ಕಂಡಿಲ್ಲ.

ಭಾನುವಾರ ನಾನು ಕುರಿಯನ್ನು ಗರಿಯ ಮೇಲೆ ಕೆಡವಿಕೊಳ್ಳುವ ಮೊದಲು ಅಪ್ಪ ನನ್ನ ಪಕ್ಕ ಬಂದು ನಿಲ್ಲುತ್ತಾನೆ. ಮಡಚದ ಹೆಬ್ಬೆರಳ ಕೈಲಿ ನನಗೆ ಕೊಡಬೇಕಾದ ಕತ್ತಿ ಇರುತ್ತದೆ. "ಸಿಟ್ಟು ಐತೇನೇ?" ಎಂದು ಕೇಳುತ್ತಾನೆ. ಎಷ್ಟೋ ದಿನ ಇರುತ್ತದೆ. ಆಗ ನಾನು ಇದೆ ಎನ್ನುತ್ತೇನೆ. ಇಬ್ಬರೂ ಬೇವಿನ ಕೆಳಗೆ ಕೂತು ಸಿಟ್ಟು ಇಳಿಯುವವರೆಗೆ ಕಾಯುತ್ತೇವೆ, ಗಿರಾಕಿಗಳು ಅಂಗಡಿ ಮುಂದೆ ನಿಂತು ಬೈಯುತ್ತಿರುತ್ತಾರೆ.