ಇಳಕಲ್ಲಿನ ನೇಕಾರರು ಎಸಿ ಬೇಡವೆಂದದ್ದು

ಇಳಕಲ್ಲಿನ ಒಂದು ನೇಕಾರ ಸಂಘದ ಕಥೆಯನ್ನು ನಮ್ಮ ವೃತ್ತಿಯವರು ಈಗಲೂ ಹೀಗೆ ಹೇಳುತ್ತಾರೆ: ಸಂಘದವರು ಒಳ್ಳೆಯ ಮನಸ್ಸಿನಿಂದ ಎಸಿ ಹಾಲ್ ಕಟ್ಟಿಸಿದರು, ಹೆಂಗಸರು ಚಳಿಯೆಂದು ಗೊಣಗಿ ಹಳೆಯ ತಗಡಿನ ಶೆಡ್ಡಿಗೇ ಮರಳಿದರು, ಬಿಸಿಲುನಾಡಿನ ಮೈಗೆ ಬಿಸಿಲೇ ಹಿತ. ಕೇಳಿದವರು ತಲೆಯಾಡಿಸುತ್ತಾರೆ. ಮೊದಲಿನ ಎರಡು ಮಾತುಗಳು ನಡೆದದ್ದೇ. ನನ್ನ ತಕರಾರು ಮೂರನೆಯದರ ಮೇಲೆ.

ಎರಡು ಬೇಸಿಗೆಗಳ ಹಿಂದಿನ ಮಾತು. ಬಾಗಲಕೋಟೆಯ ನವನಗರದ ಒಂದು ಸಣ್ಣ ಸಲಹಾ ಕಚೇರಿಯಲ್ಲಿ ನಾನು ಸಹಾಯಕ ಎಂಜಿನಿಯರ್. ಕಾಲೇಜಿನಲ್ಲಿ ಪಾಠಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆಗಳನ್ನು ಮಾಡಿದವಳು. ಈಗಿನ ಕೆಲಸ ಥರ್ಮಲ್ ಕಂಫರ್ಟ್, ಅಂದರೆ ಕಟ್ಟಡದೊಳಗೆ ಕುಳಿತವರಿಗೆ ಶಾಖ ಎಷ್ಟರ ಮಟ್ಟಿಗೆ ಹಿತ ಎಂದು ಅಳೆಯುವುದು. ಉಷ್ಣತೆ, ತೇವಾಂಶ, ಗಾಳಿಯ ವೇಗ ಇವಕ್ಕೆ ಸೆನ್ಸರ್ ಇಡುತ್ತೇವೆ. ಆಮೇಲೆ ಜನರನ್ನು ಕೇಳುತ್ತೇವೆ: ತೀರಾ ಚಳಿಯಿಂದ ತೀರಾ ಸೆಕೆಯವರೆಗೆ ಏಳು ಉತ್ತರ, ಒಂದನ್ನು ಆರಿಸಿ. ಬಾದಾಮಿಯ ಹೋಟೆಲುಗಳಲ್ಲಿ ಪ್ರವಾಸಿಗರನ್ನು ಕೇಳಿ ಕೇಳಿ ಸಾಕಾಗಿದ್ದ ಹೊತ್ತಿಗೆ ಇಳಕಲ್ಲಿನ ಕೆಲಸ ಬಂತು. ಎರಡು ಕಟ್ಟಡಗಳಲ್ಲೂ ಒಂದೊಂದು ವಾರ ನೇಯಿಸಿ ನೋಡುತ್ತೇವೆ, ಮಗ್ಗಗಳು ಎಲ್ಲಿರಬೇಕೆಂದು ನೀವು ಹೇಳಿ ಎಂದು ಸಂಘ ಕೇಳಿತ್ತು.

ಈ ಪ್ರಶ್ನೆಗೆ ಉತ್ತರ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಗಂಗವ್ವನಿಗೆ. ಐವತ್ತು ದಾಟಿದ ನೇಕಾರ್ತಿ. ಹಿಂದಿನ ಬೇಸಿಗೆಯಲ್ಲಿ ಶೆಡ್ಡಿನಲ್ಲಿ ನೇಯುತ್ತಲೇ ತಲೆಸುತ್ತು ಬಂದು ಮಗ್ಗದ ಮೇಲೆ ಒರಗಿಬಿಟ್ಟಿದ್ದರು. ಹುನಗುಂದದ ಡಾಕ್ಟರು, ಸೆಕೆಯಲ್ಲಿ ಕೂತು ಕೆಲಸ ಮಾಡುವುದಾದರೆ ನೇಯ್ಗೆ ಬಿಟ್ಟುಬಿಡಿ ಎಂದಿದ್ದರು. ಅವರ ಮಗ್ಗ ಉಳಿಯಬೇಕಾದರೆ ತಂಪು ಬೇಕಿತ್ತು.

ಹಾಲ್‌ನಲ್ಲಿ ಇಪ್ಪತ್ನಾಲ್ಕು ಡಿಗ್ರಿ. ಹೆಚ್ಚಿನವರು ‘ಚಳಿ’ ಎಂದರು. ಶೆಡ್ಡಿನಲ್ಲಿ ಮಧ್ಯಾಹ್ನ ಮೂವತ್ತೇಳು. ಹೆಚ್ಚಿನವರು ‘ಹಿತ’ ಎಂದರು. ಗಂಗವ್ವ ಕೂಡ. ಉತ್ತರ ಹೇಳುವಾಗ ಅವರ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು.

ನನ್ನ ಹಿರಿಯ ಎಂಜಿನಿಯರ್ ದೇಸಾಯಿ ಸರ್‌ಗೆ ಖುಷಿಯಾಯಿತು. ಕಿಟಕಿ ತೆರೆಯುವ, ಜಾಗ ಬದಲಿಸುವ ಸ್ವಾತಂತ್ರ್ಯವಿರುವ ಕಟ್ಟಡದಲ್ಲಿ ಜನ ಎಸಿಯವರಿಗಿಂತ ಹೆಚ್ಚಿನ ಶಾಖವನ್ನು ಒಪ್ಪಿಕೊಳ್ಳುತ್ತಾರೆ ಎಂಬುದು ನಮ್ಮ ಶಾಸ್ತ್ರದ ಒಂದು ಮುಖ್ಯ ಮಾತು. ಅದಕ್ಕೆ ಅಡಾಪ್ಟಿವ್ ಕಂಫರ್ಟ್ ಎನ್ನುತ್ತಾರೆ. ಮಾತೇನೋ ಸರಿ. ಆದರೆ ಮೂವತ್ತೇಳಕ್ಕೂ ಹಿತವೇ? ಒಗ್ಗಿಕೊಂಡವರಿಗೂ ಬೇರೆ ದಾರಿಯಿಲ್ಲದವರಿಗೂ ನಮ್ಮ ಏಳು ಉತ್ತರಗಳಲ್ಲಿ ವ್ಯತ್ಯಾಸವೇ ಇಲ್ಲವಲ್ಲ ಎಂದೆ. ‘ಊಟ ಮಾಡು, ಆಮ್ಯಾಲ ಜಗಳಾಡುಣು’ ಎಂದರು ಸರ್.

ಊಟ ಬಿಟ್ಟು ಹಾಲ್‌ಗೆ ಹೋದೆ. ಅಲ್ಲಿ ಒಂದೆರಡು ಮಗ್ಗ ಇನ್ನೂ ನಡೆಯುತ್ತಿದ್ದವು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದು ಕೊಂಡಿ. ಒಬ್ಬರೇ ಕೂತರೆ ಮುಗಿಯುವುದಿಲ್ಲ. ಓಣಿಯಲ್ಲಿ ಇದು ಮುಯ್ಯಿ ಕೆಲಸ: ಇಂದು ನೀನು ನನ್ನ ಮಗ್ಗಕ್ಕೆ, ನಾಳೆ ನಾನು ನಿನ್ನದಕ್ಕೆ. ಶೆಡ್ಡಿನ ಕಿಟಕಿಯಿಂದ ಒಂದು ಕೂಗು ಹಾಕಿದರೆ ಎದುರುಮನೆಯ ಶಾಂತವ್ವ ಕೈ ಒರೆಸಿಕೊಳ್ಳುತ್ತ ಬರುತ್ತಾಳೆ, ನಡುವೆ ಮೂರು ಸಲ ಎದ್ದು ತನ್ನ ಒಲೆಯ ಮೇಲಿನ ಸಾರು ನೋಡಿಬರುತ್ತಾಳೆ. ಹಾಲ್‌ನ ಗಾಜಿನ ಕಿಟಕಿಗಳು ತೆರೆಯುವಂಥವಲ್ಲ. ಕೂಗು ಹೊರಗೆ ಹೋಗುವುದಿಲ್ಲ. ಆ ದಿನ ಒಂದು ಮಗ್ಗದ ಕೊಂಡಿಗೆ ಹೇಗೋ ಸುದ್ದಿ ಮುಟ್ಟಿ ಶಾಂತವ್ವ ಬಂದಳು, ಸಾರು ನೋಡಲು ಎದ್ದು ಹೋದಳು, ಮರಳಿ ಬಂದು ಬಾಗಿಲು ಹಿಡಿದು ಒಳಗಿನವರೊಡನೆ ಏನೋ ಹೇಳುತ್ತ ನಿಂತಳು. ಸಂಘದ ಮ್ಯಾನೇಜರ್ ಮಹಾಂತೇಶ ಎದ್ದು ಬಂದ.

‘ಶಾಂತವ್ವಕ್ಕ, ಒಳಗ ಬಾ, ಇಲ್ಲಾ ಹೊರಗ ನಿಲ್ಲು. ತಂಪೆಲ್ಲಾ ಓಣಿಗೆ ಹೊಂಟೈತಿ.’

‘ಹೋಗಲಿ ಬಿಡೋ ಮಾರಾಯ, ಓಣಿಗೂ ಒಂಚೂರು ಪುಣ್ಯ ಬರಲಿ’ ಎಂದವಳು ಹೊರಗೇ ಹೋದಳು. ಮತ್ತೆ ಬರಲಿಲ್ಲ. ಆ ಮಗ್ಗ ಸಂಜೆಯವರೆಗೆ ಸುಮ್ಮನೆ ನಿಂತಿತು.

ಮರುದಿನ ಶೆಡ್ಡಿನಲ್ಲಿ ಗಂಗವ್ವನ ಕೊಂಡಿ. ಶಾಂತವ್ವ ಬಂದು ಕೂತಳು, ಇನ್ನಿಬ್ಬರೂ ಬಂದರು. ಕೂತವರು ಮೊದಲು ಫ್ಯಾನ್ ಆರಿಸಿದರು. ಬಿಡಿ ಎಳೆಗಳು ಗಾಳಿಗೆ ಹಾರಿ ಗೋಜಲಾಗುತ್ತವೆ. ನಾವು ಗಾಳಿಯ ವೇಗ ಅಳೆದದ್ದು ಫ್ಯಾನ್ ತಿರುಗುವಾಗ. ಪ್ರಶ್ನೆ ಕೇಳಿದ್ದೂ ಆಗಲೇ. ಈಗ ಗಾಳಿಯೇ ಇಲ್ಲ, ತಗಡು ಮೇಲಿಂದ ಕಾಯುತ್ತಿದೆ. ಗಂಗವ್ವ ನಡುನಡುವೆ ಕಣ್ಣು ಮುಚ್ಚಿ ಉಸಿರು ಬಿಡುತ್ತಿದ್ದರು.

‘ಖರೇ ಹೇಳ್ರಿ, ಇದು ಹಿತ ಏನು?’ ಎಂದೆ.

‘ಸೆಕಿ ಐತಿ. ನಿನಗ ಕಾಣವಲ್ದೇನು?’

‘ಮತ್ತ ನಿನ್ನೆ ಹಿತ ಅಂದ್ರಿ?’

‘ಸೆಕಿ ಅಂದ್ರ ನೀವು ಹಾಲಿಗೆ ಕಳಸ್ತೀರಿ. ಅಲ್ಲಿ ನನ್ನ ಕೊಂಡಿಗೆ ಯಾರು ಬರ್ತಾರ, ನೀ ಬರ್ತಿಯೇನು?’

‘ಬಂದ್ರ ಆತು ಬಿಡ’ ಎಂದಳು ಶಾಂತವ್ವ, ತಲೆ ಎತ್ತದೆ. ‘ನಾಕ ಕುಣಿಕಿ ಹಾಕಿ ನಲವತ್ತು ಎಳಿ ಹರಿದ ಕೊಡ್ತಾಳ.’ ಎಲ್ಲರೂ ನಕ್ಕರು. ನಾನೂ.

ಅಂದು ಸಂಜೆ ದೇಸಾಯಿ ಸರ್ ಮುಂದೆ ವಾದ ಮಂಡಿಸಿದೆ. ಫ್ಯಾನ್ ಬಳಸಲಾಗದ ಕೊಂಡಿಗೆ ಎಸಿಯೇ ಸರಿಯಾದ ಉಪಾಯ. ಹೆಂಗಸರು ಬೇಡವೆಂದದ್ದು ಮುಚ್ಚಿದ ಬಾಗಿಲನ್ನು, ತಂಪನ್ನಲ್ಲ. ಇಪ್ಪತ್ನಾಲ್ಕನ್ನು ಇಪ್ಪತ್ತೆಂಟು ಮಾಡಿ, ಓಣಿಯ ಕಡೆ ತೆರೆಯುವ ಕಿಟಕಿ ಕೂರಿಸಿ, ಬಾಗಿಲಲ್ಲಿ ಓಡಾಟಕ್ಕೆ ಬಿಡಿ. ಒಂದಿಷ್ಟು ತಂಪು ಪೋಲಾಗಲಿ. ಅವರು ತಾಳ್ಮೆಯಿಂದ ಕೇಳಿದರು.

‘ವಾದದಾಗ ನೀ ಗೆದ್ದಿ. ಆದ್ರ ಸಂಘದವರು ಕೇಳಿದ್ದು ಎರಡರಾಗ ಯಾವುದು ಅಂತ. ಮೂರನೇದು ಹೇಳ್ರಿ ಅಂದಿಲ್ಲ. ಮಂದಿನೂ ಹಿತ ಅಂದಾರ. ಇಲ್ಲಾ ಅಂತ ನೀ ಬರೀತಿಯೇನು?’

ವರದಿ ಹೋಯಿತು. ನನ್ನ ವಾದ ಅದರಲ್ಲಿ ಕೊನೆಯ ಪುಟದ ಒಂದು ಟಿಪ್ಪಣಿಯಾಯಿತು. ಮಗ್ಗಗಳು ಶೆಡ್ಡಿಗೆ ಮರಳಿದವು. ಎಸಿ ಹಾಲ್ ಸೀರೆ ಮಾರುವ ಮಳಿಗೆಯಾಯಿತು. ಮುಂದಿನ ಬೇಸಿಗೆಯಲ್ಲಿ ಗಂಗವ್ವನಿಗೆ ಮತ್ತೆ ತಲೆಸುತ್ತು ಬಂತು. ಅವರು ಮಗ್ಗ ಬಿಟ್ಟರು. ಮನೆಯಲ್ಲಿ ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾರೆ, ಕೊಂಡಿಗೆ ಅವರನ್ನು ಈಗ ಯಾರೂ ಕರೆಯುವುದಿಲ್ಲ. ಮುಯ್ಯಿ ತೀರಿಸಲು ಅವರದೊಂದು ಮಗ್ಗವಿರಬೇಕಲ್ಲ.

ಗೆದ್ದ ವಾದದಿಂದ ಏನೂ ಆಗದೇ ಹೋಗಬಹುದು ಎಂಬುದನ್ನು ಸ್ಪರ್ಧೆಗಳಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಕಲಿಸಿದ್ದು ಇನ್ನೂ ಒಂದಿದೆ: ಜನ ಎಷ್ಟು ಶಾಖದಲ್ಲಿ ಕುಳಿತಿದ್ದಾರೆ ಎಂದು ಅಳೆಯುವ ಮೊದಲು, ಅಲ್ಲಿಂದ ಎದ್ದರೆ ಅವರು ಏನನ್ನು ಕಳೆದುಕೊಳ್ಳುತ್ತಾರೆ ಎಂದು ಕೇಳಬೇಕು. ಕಲಿತೆ. ಆದರೂ ಸೆನ್ಸರ್ ಹೊತ್ತು ತಿರುಗುವುದೇನೂ ತಪ್ಪಿಲ್ಲ.

ಈ ವರ್ಷ ಅದೇ ಶೆಡ್ಡಿನಲ್ಲಿ ಮತ್ತೊಮ್ಮೆ ಸರ್ವೆ ಮಾಡಿದೆವು. ಫಲಿತಾಂಶ ನೋಡಿ ದೇಸಾಯಿ ಸರ್ ಕನ್ನಡಕ ತೆಗೆದಿಟ್ಟರು. ‘ನೋಡು, ಈ ಸಲ ಬಹುತೇಕ ಎಲ್ಲಾರೂ ಹಿತ ಅಂದಾರ. ಒಗ್ಗಿಬಿಟ್ಟಾರ.’

ನಾನು ಕೇಳಿದೆ: ‘ಒಗ್ಗದವರು ಎದ್ದು ಮನಿಗೆ ಹೋಗ್ಯಾರ್ರಿ ಸರ್. ಅವರನ್ನ ಈ ಏಳು ಉತ್ತರದಾಗ ಎಲ್ಲಿ ಕೂಡ್ಸೂಣ್ರಿ?’