ಎಂಟು ಮಗ್ಗಗಳ ಪಕ್ಕದ ತೊಟ್ಟಿಲು

ಆಸ್ಪತ್ರೆಯಿಂದ ಬಂದ ನಾಲ್ಕು ದಿನದ ಮಗುವನ್ನು ನಮ್ಮತ್ತೆ ಎಂಟು ಮಗ್ಗಗಳ ಪಕ್ಕ ಮಲಗಿಸಿದರು. ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಟವೆಲ್ ನೇಯುವ ನಮ್ಮದೇ ಪವರ್‌ಲೂಮುಗಳು ಖಟಕ್ ಖಟಕ್ ಎಂದು ಬಡಿಯುತ್ತಿದ್ದವು, ಈಚೆ ತೊಟ್ಟಿಲು.

“ಅತ್ತೆ, ಈ ಗಲಾಟೆಯಲ್ಲಿ ನಿದ್ದೆ ಹೇಗೆ ಬರತ್ತೆ?” ಎಂದು ಕೂಗಿದೆ. ಅಲ್ಲಿ ಮಾತಾಡುವುದೆಂದರೆ ಕೂಗುವುದೇ.

“ಏನ್ ಆಗ್ತದ? ನಿನ್ನ ಗಂಡನೂ ಇಲ್ಲೇ ಮಲಗಿ ದೊಡ್ಡಾಂವ ಆಗ್ಯಾನ!”

ನನ್ನ ಗಂಡನಿಗೆ ಪ್ರತಿ ಮಾತನ್ನೂ ಮೂರು ಸಲ ಯಾಕೆ ಹೇಳಬೇಕು ಎಂಬುದು ಆವತ್ತು ನನಗೆ ತಿಳಿಯಿತು.

ನಾನು ಮೈಸೂರಿನವಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಏಳನೇ ತಿಂಗಳಲ್ಲಿ ಬಿಪಿ ಏರಿತು, ಡಾಕ್ಟರು ಪ್ರಯಾಣ ಬೇಡವೆಂದರು, ಗಂಡನ ಊರು ಸೊಲ್ಲಾಪುರದಲ್ಲೇ ಬಾಣಂತಿಯಾದೆ. ಮೈಸೂರಿನ ನಮ್ಮ ಬೀದಿಯಲ್ಲಿ ಮಗು ಮಲಗಿದೆ ಎಂದರೆ ಹೂವಿನವಳು ಕೂಡ ಕೂಗದೆ ಗೇಟಿಗೆ ಹೂ ಸಿಕ್ಕಿಸಿ ಹೋಗುತ್ತಿದ್ದಳು. ಇಲ್ಲಿ ಮಗು ಮಲಗಿದೆ ಎಂದರೆ “ಎಬ್ಬಸ್ರಿ, ಮಾರಿ ನೋಡೋಣ” ಎನ್ನುತ್ತಾರೆ.

ಹಾಗೆ ಮುಖ ನೋಡಲು ಬಂದವರೆಲ್ಲ ಬಾಳಂತವಿಡಾ ತರುತ್ತಾರೆ. ಎಂದರೆ ಹೆತ್ತವಳಿಗೂ ಕೂಸಿಗೂ ಕೊಡುವ ಬಟ್ಟೆಬರೆ. ಊರ ತುಂಬ ಟವೆಲ್ ನೇಯುವುದರಿಂದ ಮುಕ್ಕಾಲು ಜನ ತಂದದ್ದು ಟವೆಲ್ಲನ್ನೇ. ಟವೆಲ್ ವ್ಯಾಪಾರಿಯ ಮನೆಗೆ! ಜೊತೆಗೆ ಸಲಹೆ, ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. ಟಾಳೂಗೆ, ಅಂದರೆ ನೆತ್ತಿಗೆ, ಎಣ್ಣೆ ಸಾಲದು. ಧುರಿ, ಅಂದರೆ ಕೆಂಡದ ಮೇಲೆ ಓಮ ಸುರಿದು ಎಬ್ಬಿಸುವ ಹೊಗೆ, ಅದೂ ಸಾಲದು. ನಾನು ಕೆಮ್ಮಿದರೆ ಹೊಗೆ ಚೆನ್ನಾಗಿ ಹಿಡಿದಿದೆ ಎಂದು ಸಂತೋಷಪಡುತ್ತಿದ್ದರು. ನನಗೆ ಅವರನ್ನೆಲ್ಲ ಬಾಗಿಲ ಆಚೆ ನೂಕಬೇಕೆನಿಸುತ್ತಿತ್ತು.

ಊಟವನ್ನು ಮಾತ್ರ ಬೈಯಲಾರೆ. ಮೈಸೂರಿನಲ್ಲಾದರೆ ಬಾಣಂತಿಗೆ ಮೆಣಸಿನ ಸಾರು, ಅನ್ನ. ಇಲ್ಲಿ ಬೆಳಿಗ್ಗೆ ಅಳವಿ ಬೀಜದ ಪಾಯಸ, ಮಧ್ಯಾಹ್ನ ಹಾಲಲ್ಲಿ ಕಿವುಚಿದ ಜೋಳದ ಭಾಕರಿ. ಅತ್ತೆಯ ತವರು ಅಕ್ಕಲಕೋಟೆ ಕಡೆಯ ಹಳ್ಳಿ. ಅಲ್ಲಿಂದ ಬಂದ ಜೋಳವನ್ನೇ ಬೀಸಿಸಿ, ಬಡಿದು, ನಾನು ಉಂಡು ಮುಗಿಸುವವರೆಗೆ ಎದುರು ಕೂತಿರುತ್ತಿದ್ದರು.

ಇಷ್ಟು ಸದ್ದು ಮಗುವಿನ ಕಿವಿಗೆ ಒಳ್ಳೆಯದಲ್ಲ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿ, ತೊಟ್ಟಿಲನ್ನು ಎರಡು ಕೋಣೆ ಈಚೆಗೆ ತಂದೆ. ನಾನು ಗೆದ್ದದ್ದು ಅದೊಂದೇ. ಅಲ್ಲಿಗೆ ಖಟಕ್ ಖಟಕ್ ತೆಳ್ಳಗೆ ಬರುತ್ತಿತ್ತು. ಮಗಳು ಮಲಗುತ್ತಿದ್ದಳು, ನಾನು ಕಣ್ಣು ಬಿಟ್ಟುಕೊಂಡು ಮಗ್ಗಗಳನ್ನು ಶಪಿಸುತ್ತಿದ್ದೆ. ವಾರಕ್ಕೊಂದು ದಿನ ಮಗ್ಗಗಳಿಗೆ ರಜೆ. ಅವತ್ತಾದರೂ ಮಲಗೋಣವೆಂದರೆ ಅವತ್ತೇ ಮಗಳು ದಿನವಿಡೀ ರಚ್ಚೆ ಹಿಡಿಯುತ್ತಿದ್ದಳು. ರಜೆಯ ದಿನ ಬರುವ ನೆಂಟರ ಕಾಟವೆಂದು ಅವರನ್ನೇ ಬೈದೆ.

ಮೈಸೂರಿಗೆ ಹೋದರೆ ಇಬ್ಬರಿಗೂ ನಿದ್ದೆ. ಈ ಒಂದು ಆಸೆಯಲ್ಲೇ ನಾಲ್ಕು ತಿಂಗಳು ಕಳೆದೆ.

ಐದನೇ ತಿಂಗಳಲ್ಲಿ ಹೋದೆವು. ಅಮ್ಮ ಗೋಡೆ ಗಡಿಯಾರದ ಸೆಲ್ ಕೂಡ ತೆಗೆದಿಟ್ಟಿದ್ದಳು. ಆ ನಿಶ್ಶಬ್ದದಲ್ಲಿ ಮಗಳು ಮೂರು ದಿನ ಅತ್ತಳು. ಜೋಗುಳ ಹಾಡಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದರು.

“ಆ ಮನೆಯವರು ಮಗೂಗೆ ಅದೇನು ಅಭ್ಯಾಸ ಮಾಡಿಸಿದಾರೋ,” ಎಂದಳು ಅಮ್ಮ.

“ಅವರನ್ನೇನೂ ಅನ್ಬೇಡ,” ಎಂದು ರೇಗಿದೆ. ನಾಲ್ಕು ತಿಂಗಳು ನಾನೇ ಅಂದದ್ದನ್ನು ಅಮ್ಮ ಅಂದರೆ ನನಗೇಕೆ ಉರಿಯಬೇಕೋ ಗೊತ್ತಾಗಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಅತ್ತೆಯ ಫೋನ್ ಬಂತು. ಅಳು ಅವರಿಗೂ ಕೇಳಿಸಿತು.

“ಕೂಸು ಯಾಕ ಹಂಗ ಅಳಾಕತ್ತದ?”

“ಮಲಗ್ತಾನೇ ಇಲ್ಲ ಅತ್ತೆ. ನಾನೂ ಮಲಗಿಲ್ಲ.” ನನಗೂ ಅಳು ಬಂತು.

“ತಡಿ. ಫೋನ್ ಸ್ಪೀಕರಿಗಿ ಹಾಕಿ ಜರಾ ದೂರ ಇಡು. ಕೂಸಿನ ಕಿವಿಗಿ ಹಚ್ಚಬ್ಯಾಡ, ಡಾಕ್ಟರ್ ಬೈದಾರ.”

ಚಪ್ಪಲಿ ಸದ್ದು, ಬಾಗಿಲು ತೆರೆದ ಸದ್ದು, ಆಮೇಲೆ ಖಟಕ್ ಖಟಕ್. ಮಗಳು ಅಳುವನ್ನು ಅರ್ಧಕ್ಕೇ ನಿಲ್ಲಿಸಿದಳು.

ಮುಂದಿನದನ್ನು ಹೇಳಿದವಳು ಅಮ್ಮ. ಅವಳು ಅಡುಗೆಮನೆಯಿಂದ ಬಂದು, “ಅಯ್ಯೋ, ಈ ಗಲಾಟೇಲಿ ನಿದ್ದೆ ಹೇಗೆ ಬರತ್ತೆ?” ಎಂದು ಕೇಳಿದಳಂತೆ. ಉತ್ತರ ಕೊಡಲು ನಾನು ಎಚ್ಚರವಿರಲಿಲ್ಲ. ಮಗಳಿಗಿಂತ ಮೊದಲೇ ಮಲಗಿಬಿಟ್ಟಿದ್ದೆ.

ಎದ್ದಾಗ ಮುಕ್ಕಾಲು ಗಂಟೆ ಕಳೆದಿತ್ತು. ಫೋನ್ ಇನ್ನೂ ನಡೆಯುತ್ತಿತ್ತು. ಎತ್ತಿಕೊಂಡು “ಅತ್ತೆ?” ಎಂದೆ.

“ಮಲಗಿದಳೇನ್ ಯವ್ವಾ? ನಿಂತು ನಿಂತು ಕಾಲ್ ನೋಯಾಕತ್ತಾವ. ಮನಿಗಿ ಯಾವಾಗ ಬರ್ತಿ?”

ಅಮ್ಮ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ಮನೆಗೇ ಬಂದಿದ್ದೇನಲ್ಲ ಎನ್ನಬೇಕಿತ್ತು. ಮೆಲ್ಲಗೆ “ಮುಂದಿನ ವಾರ” ಎಂದೆ. ಮಗ್ಗದ ಸದ್ದಿನಲ್ಲಿ ಅತ್ತೆಗೆ ಕೇಳಿಸಲಿಲ್ಲ.

“ಜೋರ ಹೇಳು!”

ಅಮ್ಮನ ಎದುರಿಗೆ ಅದನ್ನು ಕೂಗಿ ಹೇಳಬೇಕಾಯಿತು.